ಗುಂಡು ತಾಗಿದ ಮೇಲೆ ಚಿಗರಿ ಎಲ್ಲಿಗೆ ಹೋಯಿತು?

ಪಬ್ಜಿ ಆಡಿದವರಿಗೆ 5.56 ಅಂದ್ರೇನು, 7.62 ಅಂದ್ರೇನು ಅಂತ ಹೇಳಿಕೊಡಬೇಕಾಗಿಲ್ಲ. ಜಾತ್ರೆಯಲ್ಲಿ ಬಲೂನು ಒಡೆಯೋಕೆ ಏರ್‌ಗನ್ ಹಿಡಿದಿದ್ದು ಬಿಟ್ಟರೆ ಬಂದೂಕು ಮುಟ್ಟದವರು ಕೂಡ ಯಾವುದಕ್ಕೆ ಯಾವ ತೋಟಾ ಅನ್ನೋದನ್ನ ನಿದ್ದೆಗಣ್ಣಲ್ಲೇ ಹೇಳ್ತಾರೆ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಅಮೆರಿಕದ ಬೇಟೆ ವಿಡಿಯೋಗಳು, ಬೇಟೆ ಪತ್ರಿಕೆಗಳು, ದಪ್ಪ ದಪ್ಪ ಪುಸ್ತಕಗಳು ಸಿಗುತ್ತವೆ. ಅವುಗಳಲ್ಲಿ ಎಷ್ಟು ಚರ್ಚೆ ಮಾಡಿದರೂ ಮುಗಿಯದ ಪ್ರಶ್ನೆ ಒಂದಿದೆ: ಜಿಂಕೆ ಹೊಡೆಯೋಕೆ ಸಣ್ಣ ಗುಂಡು ಸಾಕಾ?

ಈ ಪ್ರಶ್ನೆಯ ಸುತ್ತ ಬೆಳೆದಿರೋ ಬರವಣಿಗೆ ಎಷ್ಟಿದೆ ಅಂದ್ರೆ, ಅದನ್ನ ಒಂದು ಸಾಹಿತ್ಯ ಪ್ರಕಾರ ಅಂತಲೇ ಓದಬಹುದು. ನನ್ನ ತಕರಾರು ಇಷ್ಟೇ. ಈ ಪ್ರಕಾರ ಗುಂಡು ನಳಿಗೆಯಿಂದ ಹೊರಡುವ ತನಕ ಬಹಳ ಚೆನ್ನಾಗಿ ಬರೆಯುತ್ತೆ. ಗುಂಡು ತಾಗಿದ ಮೇಲೆ ಪೆನ್ನಿನ ಮುಚ್ಚಳ ಹಾಕಿಬಿಡುತ್ತೆ. ನಮ್ಮ ಕನ್ನಡದ ಬೇಟೆ ಬರವಣಿಗೆ ಇದಕ್ಕಿಂತ ಬೇರೆ ಥರ ಇದೆಯಾ? ಇದೆ, ಆದರೆ ಅರ್ಧ ಮಾತ್ರ. ಆ ಅರ್ಧ ಯಾವುದು ಅನ್ನೋದನ್ನ ನೋಡೋದಕ್ಕೆ ಮೊದಲು ಅವರ ಚರ್ಚೆಯನ್ನ ಅವರ ಮಾತಿನಲ್ಲೇ ಅರ್ಥ ಮಾಡಿಕೊಳ್ಳಬೇಕು.

ಸಣ್ಣ ಗುಂಡು ಅಂದರೆ ಸಾಮಾನ್ಯವಾಗಿ .22 ಕುಟುಂಬ. ಅಂದರೆ ಗುಂಡಿನ ಅಡ್ಡಳತೆ 0.22 ಇಂಚು, ಸುಮಾರು ಐದೂವರೆ ಮಿಲಿಮೀಟರ್. ಗೊಂದಲ ಶುರುವಾಗೋದೇ ಇಲ್ಲಿ, ಯಾಕಂದ್ರೆ ಈ ಒಂದೇ ಅಳತೆಯಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿವೆ. ಒಂದು, ಶೂಟಿಂಗ್ ಕ್ಲಬ್ಬುಗಳಲ್ಲಿ ಕಾಗದದ ಗುರಿಗೆ ಹೊಡೆಯುವ .22 ರಿಮ್‌ಫೈರ್. ಗುಂಡಿನ ತೂಕ 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 380 ಮೀಟರ್, ಹೊರಡುವಾಗ ಇರುವ ಶಕ್ತಿ 190 ಜೂಲ್ ಆಸುಪಾಸು. ಇನ್ನೊಂದು .223 ರೆಮಿಂಗ್ಟನ್, ಪಬ್ಜಿಯವರ 5.56ಕ್ಕೆ ಸ್ವಂತ ಅಣ್ಣ. ಗುಂಡಿನ ತೂಕ ಮೂರೂವರೆ ಗ್ರಾಂ ಅಷ್ಟೇ, ಆದರೆ ವೇಗ ಸೆಕೆಂಡಿಗೆ ಸಾವಿರ ಮೀಟರಿನ ಹತ್ತಿರ, ಶಕ್ತಿ 1,700 ಜೂಲಿಗಿಂತ ಹೆಚ್ಚು. ಅಗಲ ಒಂದೇ, ಶಕ್ತಿಯಲ್ಲಿ ಒಂಬತ್ತು ಪಟ್ಟು ವ್ಯತ್ಯಾಸ. ಹಾಗಾಗಿ ಯಾರಾದರೂ '.22ರಲ್ಲಿ ಜಿಂಕೆ ಬೀಳುತ್ತೆ' ಅಂದರೆ ಅವರು ಯಾವುದರ ಮಾತಾಡ್ತಿದ್ದಾರೆ ಅಂತ ಮೊದಲು ಕೇಳಬೇಕು.

ಅಳತೆ ಆಯಿತು, ಆಮೇಲೆ ಗುಂಡಿನ ಹೊಟ್ಟೆಯೊಳಗೆ ಏನಿದೆ ಅನ್ನೋದು. ಮೊಲ, ನರಿಯಂಥ ಸಣ್ಣ ಪ್ರಾಣಿಗೆಂದು ಮಾಡಿದ ತೆಳು ಕವಚದ ಗುಂಡು ತಾಗಿದ ಕೂಡಲೇ ಚೂರಾಗುತ್ತೆ. ಅದನ್ನೇ ಜಿಂಕೆಯ ಭುಜಕ್ಕೆ ಹೊಡೆದರೆ ಮೇಲ್ಮೈಯಲ್ಲಿ ದೊಡ್ಡ ಗಾಯ, ಒಳಗಿನ ಶ್ವಾಸಕೋಶದ ತನಕ ತಲುಪಿದ್ದು ಏನೂ ಇಲ್ಲ. ಜಿಂಕೆಗೆಂದೇ ಮಾಡಿದ ಗುಂಡು ಮೂತಿ ಅರಳಿಸಿಕೊಂಡರೂ ಒಡೆಯದೆ ಒಳಕ್ಕೆ ಹೋಗುತ್ತೆ. ಇನ್ನು ಯುದ್ಧಕ್ಕೆ ಮಾಡಿದ, ಪೂರ್ತಿ ತಾಮ್ರದ ಕವಚದ ಗುಂಡು ಅರಳದೆ ಆಚೆಯಿಂದ ಹೊರಟುಹೋಗಬಹುದು. ಇಷ್ಟನ್ನ ಈ ಬರವಣಿಗೆ ಸ್ಪಷ್ಟವಾಗಿ, ಪ್ರಾಮಾಣಿಕವಾಗಿ ಕಲಿಸುತ್ತೆ. ಅದಕ್ಕೆ ಕೊಡಬೇಕಾದ ಮಾರ್ಕು ಕೊಡೋಣ.

ತೊಂದರೆ ಬರೋದು ವಾದಕ್ಕೆ ಇಳಿದಾಗ. ಅಮೆರಿಕದಲ್ಲಿ ಎಲ್ಮರ್ ಕೀತ್ ದಪ್ಪ, ಭಾರದ ಗುಂಡಿನ ಪಕ್ಷ. ಜ್ಯಾಕ್ ಓ'ಕಾನರ್ 1925ರಲ್ಲಿ ಬಂದ .270 ವಿಂಚೆಸ್ಟರ್‌ನ ಪಕ್ಷ, ಹಗುರ ಗುಂಡು, ಹೆಚ್ಚು ವೇಗ. ಇಬ್ಬರೂ ದಶಕಗಟ್ಟಲೆ ಪತ್ರಿಕೆಗಳಲ್ಲಿ ಕಾದಾಡಿದರು. ಸಣ್ಣ ಗುಂಡಿನ ಪಕ್ಷದವರು ಕೊನೆಗೆ ತೆಗೆಯುವ ತುರುಪು ಎಲೆ ಮಾತ್ರ ಇನ್ನೂ ಹಳೇದು: ಡಬ್ಲ್ಯೂ.ಡಿ.ಎಂ. ಬೆಲ್. ಆಫ್ರಿಕಾದಲ್ಲಿ ನೂರಾರು ಆನೆಗಳನ್ನ .275 ರೈಫಲ್‌ನಿಂದ, ಅಂದರೆ ಬರೀ ಏಳು ಮಿಲಿಮೀಟರ್ ಗುಂಡಿನಿಂದ ಕೆಡವಿದ ಮನುಷ್ಯ. 'ನೋಡಿ, ಆನೆಗೇ ಸಾಕಾದದ್ದು ಜಿಂಕೆಗೆ ಸಾಲೋದಿಲ್ವಾ? ಗುಂಡು ದೊಡ್ಡದಿರಬೇಕಾಗಿಲ್ಲ, ತಾಗೋ ಜಾಗ ಸರಿಯಾಗಿರಬೇಕು.'

ಈ ಮಾತು ಸುಳ್ಳಲ್ಲ, ಅದಕ್ಕೇ ಅಪಾಯಕಾರಿ. ಬೆಲ್ ಆನೆಯ ತಲೆಬುರುಡೆಯನ್ನೇ ಸೀಳಿಸಿ ಮಿದುಳು ಎಲ್ಲಿ ಕೂತಿದೆ ಅಂತ ಕಲಿತವನು. ವರ್ಷಗಟ್ಟಲೆ ಅದೇ ಕಸುಬು ಮಾಡಿದವನು. ಅವನ ಅತ್ಯುತ್ತಮ ಹೊಡೆತವನ್ನ ತಂದು, ವರ್ಷಕ್ಕೆ ಒಂದು ವಾರ ರಜೆ ಹಾಕಿ ಕಾಡಿಗೆ ಹೋಗುವ ಆಫೀಸು ನೌಕರನ ಕೈಗೆ ಕೊಡೋದು ಯಾವ ನ್ಯಾಯ? ಸಚಿನ್ ಹೀಗೆ ಹೊಡೆದಿದ್ದಾರೆ ಅಂತ ನಮ್ಮ ಸೊಸೈಟಿ ಟೀಮಿನ ಹತ್ತನೇ ಬ್ಯಾಟ್ಸ್‌ಮನ್‌ಗೆ ಹೆಲ್ಮೆಟ್ ಬೇಡ ಅನ್ನೋ ಹಾಗಾಯ್ತು.

ಇನ್ನು ಈಗಿನ ವಿಡಿಯೋಗಳು. ಅವುಗಳ ಸಾಕ್ಷಿ ಅಂದರೆ ಜೆಲಾಟಿನ್ ಗಟ್ಟಿ. ಪಾರದರ್ಶಕ, ಮೇಜಿನ ಮೇಲೆ ಇಟ್ಟಿರ್ತಾರೆ, ಗುಂಡು ಹೊಡೀತಾರೆ, ಸ್ಕೇಲು ಇಟ್ಟು ಎಷ್ಟು ಇಂಚು ಒಳಗೆ ಹೋಯ್ತು ಅಂತ ಅಳೀತಾರೆ. ನೋಡೋಕೆ ಚೆಂದ, ಮಾಹಿತಿಯೂ ನಿಜ. ಆದರೆ ಜೆಲಾಟಿನ್ ಗಟ್ಟಿಗೆ ಕಾಲಿಲ್ಲ. ಗುಂಡು ಸ್ವಲ್ಪ ಹಿಂದೆ, ಹೊಟ್ಟೆಗೆ ಬಿದ್ದರೆ ಅದು ಎದ್ದು ಪೊದೆಗೆ ನುಗ್ಗೋದಿಲ್ಲ. ಸಂಜೆ ಕತ್ತಲಾಯ್ತು ಅಂತ ಹುಡುಕೋದು ಬಿಟ್ಟು ಬಂದ ಬೇಟೆಗಾರ ಆ ವಿಡಿಯೋದಲ್ಲಿ ಇರೋದಿಲ್ಲ. ಜಿಂಕೆಗೆ ಯಾವ ಗುಂಡು ಅನ್ನೋ ಪ್ರಶ್ನೆಯ ಅರ್ಧ ಭಾಗ ಮೇಜಿನ ಮೇಲೆ ಹಿಡಿಸೋದೇ ಇಲ್ಲ.

ತಮಾಷೆ ಅಂದ್ರೆ, ಆ ಉಳಿದರ್ಧವನ್ನ ಸರಿಯಾಗಿ ಬರೆದಿರೋದು ಬೇಟೆಗಾರರಲ್ಲ, ಕಾನೂನು ಬರೆಯುವ ಗುಮಾಸ್ತರು. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯನ್ನ ತೆಗೆದುಕೊಳ್ಳಿ. ದೊಡ್ಡ ಜಿಂಕೆಗಳಿಗೆ ರೈಫಲ್ .240 ಇಂಚಿಗಿಂತ ಸಣ್ಣದಿರಕೂಡದು, ಶಕ್ತಿ ಸುಮಾರು 2,300 ಜೂಲಿಗೆ ಕಡಿಮೆ ಇರಕೂಡದು. ಅಂದರೆ .223 ಅಲ್ಲಿ ಈ ಜಿಂಕೆಗಳಿಗೆ ನಿಷಿದ್ಧ. ಸ್ಕಾಟ್‌ಲೆಂಡ್ ಸಣ್ಣ ಗಾತ್ರದ ರೋ ಜಿಂಕೆಗೆ .223ನ್ನ ಒಪ್ಪುತ್ತೆ, ಆದರೆ ಅಲ್ಲೂ ಗುಂಡಿನ ತೂಕ, ವೇಗಗಳಿಗೆ ಕನಿಷ್ಠ ಮಿತಿ ಇದೆ, ಶಕ್ತಿ 1,350 ಜೂಲ್ ಆದರೂ ಇರಬೇಕು. ಬಂದೂಕಿನ ವಿಷಯದಲ್ಲಿ ಕೈ ಸಡಿಲ ಬಿಟ್ಟಿರೋ ಟೆಕ್ಸಾಸ್ ಕೂಡ ಜಿಂಕೆಗೆ ರಿಮ್‌ಫೈರ್ ಬೇಡ ಅನ್ನುತ್ತೆ. ಒಣ ಅಂಕಿಗಳೇ ಇರಬಹುದು. ಆದರೆ ಈ ಅಂಕಿಗಳ ಹಿಂದೆ ಮನುಷ್ಯನ ಬಗ್ಗೆ ಒಂದು ಅಂದಾಜಿದೆ: ಕೈ ನಡುಗುತ್ತೆ, ಜಿಂಕೆ ಒಂದು ಹೆಜ್ಜೆ ಮುಂದೆ ಇಡುತ್ತೆ, ಗಾಳಿ ಬೀಸುತ್ತೆ. ಬೆಲ್‌ನ ಅತ್ಯುತ್ತಮ ಹೊಡೆತಕ್ಕಲ್ಲ, ನಮ್ಮ ನಿಮ್ಮಂಥವರ ಕೆಟ್ಟ ಹೊಡೆತಕ್ಕೆ ಲೆಕ್ಕ ಹಾಕಿ ಬರೆದ ವಾಕ್ಯ ಅದು. ನನ್ನ ಮಟ್ಟಿಗೆ ಗುಂಡಿನ ಬಗ್ಗೆ ಬಂದಿರೋ ಅತ್ಯಂತ ಸೂಕ್ಷ್ಮವಾದ ಗದ್ಯ ಇದೇ.

ಸರಿ, ಇದೆಲ್ಲ ಪರದೇಶದ ಮಾತು. ನಮ್ಮ ಕಡೆ ಇದರ ಅರ್ಥ ಏನು?

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹರಿಹರ ದಾಟಿ ತುಂಗಭದ್ರೆಯ ಸೇತುವೆ ಇಳಿದರೆ ಕುಮಾರಪಟ್ಟಣ. ಎಷ್ಟೋ ಜನರಿಗೆ ಈ ಊರಿನ ನೆನಪು ಅಂದರೆ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಚಿಮಣಿ, ಬಸ್ಸಿನ ಕಿಟಕಿಯೊಳಗೆ ನುಗ್ಗುವ ಆ ವಾಸನೆ. ನೀಲಗಿರಿ ಮರವನ್ನ ತಿರುಳು ಮಾಡಿ, ಆ ತಿರುಳನ್ನ ನೂಲಾಗುವ ನಾರು ಮಾಡೋ ಊರು. ಅಲ್ಲಿಂದ ಅದೇ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ರಾಣೆಬೆನ್ನೂರು, ಆ ಊರಿನ ಸುತ್ತ 1974ರಲ್ಲಿ ಘೋಷಿಸಿದ ಕೃಷ್ಣಮೃಗ ಅಭಯಾರಣ್ಯ, 119 ಚದರ ಕಿಲೋಮೀಟರ್. ಕುರುಚಲು, ಹುಲ್ಲು, ನಡುನಡುವೆ ಅದೇ ನೀಲಗಿರಿ ನೆಡುತೋಪು. ಸರ್ಕಾರಿ ಬೋರ್ಡಿನಲ್ಲಿ ಕೃಷ್ಣಮೃಗ, ಜನರ ಬಾಯಲ್ಲಿ ಚಿಗರಿ. ಹುಬ್ಬಳ್ಳಿ–ಧಾರವಾಡದ ನಡುವೆ ಓಡೋ ಹವಾನಿಯಂತ್ರಿತ ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟಿದ್ದು ಇದರ ಓಟ ನೋಡೇ. ಹೆದರಿದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗಬಲ್ಲದು.

ಶಾಸ್ತ್ರದ ಪ್ರಕಾರ ಚಿಗರಿ ಜಿಂಕೆಯಲ್ಲ, ಹುಲ್ಲೆ. ಜಿಂಕೆಯ ಕೊಂಬು ವರ್ಷ ವರ್ಷ ಉದುರಿ ಹುಟ್ಟುತ್ತೆ, ಚಿಗರಿಯ ತಿರುಚಿದ ಕೊಂಬು ಸಾಯೋ ತನಕ ಇರುತ್ತೆ. ಬೆಳೆದ ಗಂಡು 35–40 ಕಿಲೋ ತೂಗುತ್ತೆ. ಸ್ಕಾಟ್‌ಲೆಂಡಿನ ರೋ ಜಿಂಕೆ ಇದಕ್ಕಿಂತ ಹಗುರ. ಹಗುರವಾದ ಆ ಪ್ರಾಣಿಗೆ ಅಲ್ಲಿನ ಕಾನೂನು ಕೇಳುವ ಕನಿಷ್ಠ ಶಕ್ತಿ, .22 ರಿಮ್‌ಫೈರ್ ಕೊಡೋದಕ್ಕಿಂತ ಏಳು ಪಟ್ಟು. ಸಣ್ಣ ಪ್ರಾಣಿಗೆ ಸಣ್ಣ ಗುಂಡು ಸಾಕು ಅನ್ನೋ ಸುಲಭದ ಲೆಕ್ಕ ಇಲ್ಲೇ ಬಿದ್ದುಹೋಗುತ್ತೆ. ಅದೂ ಬಯಲಿನಲ್ಲಿ ದೂರದಿಂದಲೇ ಮನುಷ್ಯನನ್ನ ಗುರುತಿಸಿ ಓಡೋ ಪ್ರಾಣಿ. ದೂರ ಹೆಚ್ಚಿದಷ್ಟೂ ಸಣ್ಣ ಗುಂಡಿನ ಕಸುವು ಇಳಿಯುತ್ತೆ, ತಪ್ಪು ಜಾಗಕ್ಕೆ ತಾಗೋ ಸಾಧ್ಯತೆ ಏರುತ್ತೆ.

ನಮ್ಮಲ್ಲಿ ಈ ಲೆಕ್ಕಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಕೃಷ್ಣಮೃಗ ಇದೆ. ಯಾವ ಗುಂಡು ಅನ್ನೋ ಪ್ರಶ್ನೆಗೆ ಉತ್ತರ: ಯಾವುದೂ ಅಲ್ಲ. ಹಾಗಿದ್ದ ಮೇಲೆ ಯಾಕೆ ಮಾತಾಡಬೇಕು ಅಂತ ಕೇಳಬಹುದು. ಕಾನೂನು ಪ್ರಶ್ನೆಯನ್ನ ಮುಚ್ಚಿದೆ, ನಮ್ಮ ಪುಸ್ತಕಗಳು ಮುಚ್ಚಿಲ್ಲ. ಅದಕ್ಕೆ.

ನಮ್ಮ ತಲೆಮಾರಿನ ಕನ್ನಡ ಓದುಗರಿಗೆ ಬೇಟೆ ಅಂದರೆ ತೇಜಸ್ವಿ. ಅದರಲ್ಲೂ ಕೆನೆತ್ ಆಂಡರ್ಸನ್‌ನ ಅನುಭವಗಳನ್ನ ಅವರು ಕನ್ನಡಕ್ಕೆ ತಂದ 'ಕಾಡಿನ ಕತೆಗಳು'. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮಾಗಡಿ ಚಿರತೆ. ಆಂಡರ್ಸನ್‌ನ .405 ವಿಂಚೆಸ್ಟರ್ ನಮಗೆ ಅಪ್ಪನ ಹಳೇ ಬಜಾಜ್ ಸ್ಕೂಟರಿನಷ್ಟು ಪರಿಚಯ. ಜೊತೆಗೆ ಜಿಮ್ ಕಾರ್ಬೆಟ್, ತೇಜಸ್ವಿಯವರೇ ತಂದ ರುದ್ರಪ್ರಯಾಗದ ನರಭಕ್ಷಕ. ಕಾರ್ಬೆಟ್ ಆ ಚಿರತೆಯನ್ನ ಹೊಡೆದಿದ್ದು .275 ರೈಫಲ್‌ನಿಂದ, ಬೆಲ್ ಆನೆ ಹೊಡೆದ ಅದೇ ಅಳತೆ.

ಆದರೆ ಈ ಕತೆಗಳಲ್ಲಿ ಮುಖ್ಯವಾದ ಗುಂಡು ಕೊನೆಯಲ್ಲಿ ಹಾರೋದಲ್ಲ. 1944ರಲ್ಲಿ ಬಂದ ಕುಮಾವೂನ್ ನರಭಕ್ಷಕಗಳ ಪುಸ್ತಕದ ಆರಂಭದಲ್ಲೇ ಕಾರ್ಬೆಟ್ ವಿವರಿಸ್ತಾನೆ: ಹುಲಿಯನ್ನ ನರಭಕ್ಷಕ ಮಾಡುವ ಗಾಯ ಎಷ್ಟೋ ಸಲ ಯಾರೋ ಅಜಾಗರೂಕತೆಯಿಂದ ಹಾರಿಸಿದ ಗುಂಡಿನದು, ಹಾರಿಸಿ ಹಿಂಬಾಲಿಸದೆ ಬಿಟ್ಟು ಹೋದದ್ದು. 436 ಜನರನ್ನ ಕೊಂದ ಚಂಪಾವತದ ಹೆಣ್ಣುಹುಲಿಯನ್ನ 1907ರಲ್ಲಿ ಕೆಡವಿದಾಗ ಅದರ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಅದು ಹಳೇ ಗುಂಡಿನ ಏಟು. ಆಂಡರ್ಸನ್ ಕೂಡ ಮತ್ತೆ ಮತ್ತೆ ಇಂಥದ್ದೇ ಕಾರಣಕ್ಕೆ ಬಂದು ನಿಲ್ಲುತ್ತಾನೆ. ಹಾಗಾದರೆ ಈ ಕತೆಗಳು ಶುರುವಾಗೋದು ಮೊದಲ ಪುಟದಲ್ಲಿ ಅಲ್ಲ. ಅದಕ್ಕೆ ಎಷ್ಟೋ ತಿಂಗಳ ಮೊದಲು, ತಪ್ಪು ಗುಂಡು ತುಂಬಿಕೊಂಡು ತಪ್ಪು ಜಾಗಕ್ಕೆ ಹೊಡೆದು ಮನೆಗೆ ಹೋಗಿ ಮಲಗಿದ ಒಬ್ಬ ಮನುಷ್ಯನಿಂದ.

ಕನ್ನಡದಲ್ಲಿ ಆ ಸಣ್ಣ ಗುಂಡಿಗೆ ನಮ್ಮದೇ ಹೆಸರಿದೆ: ಚರೆ. .22 ಆಗಲಿ .223 ಆಗಲಿ ನಮ್ಮ ಹಳ್ಳಿಗಳ ಬೇಟೆಯ ಆಯುಧ ಆಗಿದ್ದು ಕಡಿಮೆ. ಮಲೆನಾಡಿನ ಕೇಪಿನ ಕೋವಿ, ಮದ್ದು ತುಂಬಿ, ಮೇಲೆ ಸೀಸದ ಚರೆ ತುಂಬಿ, ಒಂದು ಈಡು ಹೊಡೆದರೆ ಹತ್ತಾರು ಕಾಳು ಹರಡಿಕೊಂಡು ಹೋಗುತ್ತವೆ. ಹಕ್ಕಿಗೆ, ಮೊಲಕ್ಕೆ ಸರಿ. ಜಿಂಕೆಗೆ, ಹುಲಿಗೆ ತಾಗಿದರೆ ಒಂದೊಂದು ಕಾಳೂ ಚರ್ಮದ ಕೆಳಗೆ ಕೂತು ಕೀವು ಮಾಡುತ್ತೆ. ಜೆಲಾಟಿನ್ ಗಟ್ಟಿಯವರು ವರ್ಷಗಟ್ಟಲೆ ಅಳೆಯೋ ಪ್ರಶ್ನೆಗೆ ಈ ಚರೆ ಯಾವತ್ತೋ ಉತ್ತರ ಕೊಟ್ಟಿದೆ.

ನಾನು ಮೊದಲು ಹೇಳಿದ 'ಅರ್ಧ' ಇದೇ. ಗುಂಡು ತಾಗಿದ ಮೇಲೆ ಏನಾಯ್ತು ಅನ್ನೋದನ್ನ ನಮ್ಮ ಬೇಟೆ ಕತೆಗಳು ಬರೆದಿವೆ, ಹುಲಿ ಚಿರತೆಗಳ ವಿಷಯದಲ್ಲಿ. ಗಾಯಗೊಂಡ ಹುಲಿ ವಾಪಸ್ ಬರುತ್ತೆ, ಜನರನ್ನ ತಿನ್ನುತ್ತೆ, ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತೆ. ಹಾಗಾಗಿ ಅದಕ್ಕೆ ಕತೆ ಸಿಕ್ಕಿತು, ಅನುವಾದ ಸಿಕ್ಕಿತು, ಮರುಮುದ್ರಣ ಸಿಕ್ಕಿತು. ಗಾಯಗೊಂಡ ಚಿಗರಿ ಯಾರ ಮೇಲೂ ಸೇಡು ತೀರಿಸಿಕೊಳ್ಳೋದಿಲ್ಲ. ಹಿಂಡಿನಿಂದ ಹಿಂದೆ ಬೀಳುತ್ತೆ, ಒಂದು ಜಾಲಿ ಪೊದೆಯ ಕೆಳಗೆ ಕೂರುತ್ತೆ, ಎರಡು ದಿನಕ್ಕೋ ನಾಲ್ಕು ದಿನಕ್ಕೋ ಸಾಯುತ್ತೆ. ನಾಯಿ ತಿನ್ನುತ್ತವೆ. ಇದರಲ್ಲಿ ಕತೆಗೆ ಬೇಕಾದ ತಿರುವಿಲ್ಲ, ಭಯ ಇಲ್ಲ, ಮಚಾನು ಇಲ್ಲ. ಬೇಟೆ ಬರವಣಿಗೆಯಲ್ಲಿ ಜಿಂಕೆ ಎರಡೇ ರೂಪದಲ್ಲಿ ಬರುತ್ತೆ. ಒಂದೋ ಬಿದ್ದದ್ದು, ಸಾರಿಗೆ ಆಯ್ತು. ಇಲ್ಲವೋ ತಪ್ಪಿಸಿಕೊಂಡದ್ದು, ನಗೋಕೆ ಆಯ್ತು. ತಪ್ಪಿಸಿಕೊಂಡಿತು ಅಂತ ನಾವು ನಕ್ಕದ್ದರಲ್ಲಿ ಎಷ್ಟು ನಿಜವಾಗಿ ತಪ್ಪಿಸಿಕೊಂಡಿದ್ದವು, ಎಷ್ಟು ಗಾಯ ಹೊತ್ತು ಹೋಗಿದ್ದವು ಅನ್ನೋದನ್ನ ಯಾರೂ ಲೆಕ್ಕ ಇಟ್ಟಿಲ್ಲ. ಸಣ್ಣ ಗುಂಡು ಸಾಕು ಅನ್ನೋ ವಾದ ಇವತ್ತಿಗೂ ಉಸಿರಾಡ್ತಿರೋದು ಈ ಲೆಕ್ಕ ಇಲ್ಲದ್ದರಿಂದಲೇ.

ಜಿಂಕೆಗೆ ಮಾತು ಕೊಟ್ಟ ಒಂದು ಹಳೇ ಕತೆ ಇದೆ. ಮಹಾಭಾರತದ ಆದಿಪರ್ವದಲ್ಲಿ ಪಾಂಡು ಬಾಣ ಬಿಟ್ಟದ್ದು ಕೂಡುತ್ತಿದ್ದ ಜಿಂಕೆಗಳಿಗೆ. ಗಂಡು ಜಿಂಕೆ ಕಿಂದಮ ಅನ್ನೋ ಋಷಿ, ಸಾಯುವ ಮುಂಚೆ ಮಾತಾಡುತ್ತೆ, ಶಾಪ ಕೊಡುತ್ತೆ. ಗಮನಿಸಿ ನೋಡಿ, ಅದರ ಆಕ್ಷೇಪ ರಾಜ ಬೇಟೆ ಆಡಿದ ಅಂತಲ್ಲ. ಹೊಡೆದ ಹೊತ್ತಿನ ಬಗ್ಗೆ, ರೀತಿಯ ಬಗ್ಗೆ. ಕೊಲ್ಲೋದು ಬೇರೆ, ಹೇಗೆ ಕೊಲ್ತೀಯ ಅನ್ನೋದು ಬೇರೆ ಅಂತ ಆ ಕತೆಗೆ ಗೊತ್ತಿತ್ತು. ಆದರೆ ಅಲ್ಲೂ ಜಿಂಕೆಗೆ ಬಾಯಿ ಬಂದದ್ದು ಅದು ನಿಜಕ್ಕೂ ಜಿಂಕೆ ಅಲ್ಲ ಅನ್ನೋ ಕಾರಣಕ್ಕೆ.

ಈಗಿನ ಉದಾಹರಣೆಯೂ ಇದೇ ದಾರಿ. 1998ರ ಅಕ್ಟೋಬರ್‌ನಲ್ಲಿ ಜೋಧಪುರದ ಹತ್ತಿರ ಕಂಕಣಿಯಲ್ಲಿ ಎರಡು ಕೃಷ್ಣಮೃಗ ಸತ್ತವು. 2018ರ ಏಪ್ರಿಲ್ 5ರಂದು ಸಲ್ಮಾನ್ ಖಾನ್‌ಗೆ ಐದು ವರ್ಷ ಶಿಕ್ಷೆ ಆಯ್ತು, ಅವರು ಮೇಲ್ಮನವಿ ಹೋದರು. ಈ ಇಪ್ಪತ್ತು ವರ್ಷದಲ್ಲಿ ನಟನ ಬಗ್ಗೆ ಬಂದ ಪುಟಗಳನ್ನೂ ಆ ಎರಡು ಪ್ರಾಣಿಗಳ ಬಗ್ಗೆ ಬಂದ ಸಾಲುಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಚಿಗರಿಯ ಸುದ್ದಿ ಸುದ್ದಿಯಾಗೋಕೆ ಬಂದೂಕಿನ ಈ ಕಡೆ ಸ್ಟಾರ್ ಇರಬೇಕು.

ರಾಣೆಬೆನ್ನೂರು ಸೀಮೆಯ ರೈತರ ಮಾತು ಕೇಳದೆ ಇದನ್ನ ಮುಗಿಸೋದು ತಪ್ಪಾಗುತ್ತೆ. ಮೆಕ್ಕೆಜೋಳ ಮೊಳಕೆ ಒಡೆದ ವಾರ ಚಿಗರಿ ಹಿಂಡು ಹೊಲಕ್ಕೆ ಬಂದರೆ ಬೆಳಗಾಗೋದರೊಳಗೆ ಸಾಲಿಗೆ ಸಾಲೇ ಖಾಲಿ. ಬೀಜ, ಗೊಬ್ಬರ, ಕೂಲಿ ಎಲ್ಲ ಎರಡನೇ ಸಲ. ಅವರಿಗೆ ಚಿಗರಿ ವಾಲ್‌ಪೇಪರ್ ಅಲ್ಲ. ಇಲ್ಲಿ ನಮ್ಮ ಕಾನೂನುಗಳನ್ನೂ ಒಂದು ಪಠ್ಯದ ಹಾಗೆ ಓದಬೇಕು. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಅಂತ ಮೂತಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡೋ ದಾರಿ ಇಟ್ಟಿದೆ. ಹದಿಮೂರು ವರ್ಷ ಆದಮೇಲೆ ಬಂದ ವನ್ಯಜೀವಿ ಕಾಯ್ದೆ 'ಬೇಟೆ' ಅನ್ನೋ ಪದದ ಅರ್ಥದೊಳಗೆ ಕೊಲ್ಲೋದನ್ನ ಮಾತ್ರ ಅಲ್ಲ, ಗಾಯಗೊಳಿಸೋದನ್ನ, ಅಟ್ಟೋದನ್ನ, ಪ್ರಯತ್ನ ಮಾಡೋದನ್ನ ಕೂಡ ಸೇರಿಸಿದೆ. ಮೊದಲನೇ ಅನುಸೂಚಿಯ ಪ್ರಾಣಿ ಬೆಳೆ ತಿಂದಿತು ಅನ್ನೋ ಕಾರಣಕ್ಕೆ ಅದನ್ನ ಹೊಡೆಯೋಕೆ ಅನುಮತಿ ಕೊಡುವ ಅವಕಾಶವೂ ಇಲ್ಲ.

ಬೇಟೆ ಬರವಣಿಗೆ ಮರೆತ ಗಾಯವನ್ನ ಈ ವ್ಯಾಖ್ಯಾನ ಮರೆತಿಲ್ಲ, ಅದು ದೊಡ್ಡ ಮಾತು. ಆದರೆ ಒಂದು ಕಾಯ್ದೆ ರೈತನ ಕೈಗೆ ಚರೆ ಕೋವಿ ಕೊಡುತ್ತೆ, ಇನ್ನೊಂದು ಆ ಕೋವಿ ಎತ್ತಿದರೆ ಜೈಲು ಅನ್ನುತ್ತೆ. ಎರಡೂ ಒಂದನ್ನೊಂದು ಓದಿಕೊಂಡ ಹಾಗೆ ಕಾಣೋದಿಲ್ಲ. ಸಿಟ್ಟಿನ ರಾತ್ರಿಯಲ್ಲಿ ಹಾರಿದ ಚರೆ ಚಿಗರಿಯನ್ನ ಕೊಲ್ಲೋದೂ ಇಲ್ಲ, ಬೆಳೆ ಉಳಿಸೋದೂ ಇಲ್ಲ. ಗಾಯ ಮಾತ್ರ ಮಾಡುತ್ತೆ. ರೈತನಿಗೆ ಬೇಕಾಗಿರೋದು ಹೊತ್ತಿಗೆ ಸರಿಯಾಗಿ ಕೈ ಸೇರೋ ಪರಿಹಾರ, ಬೇಲಿ, ಕಾವಲಿಗೆ ಜನ. ಬೆಳೆಯ ಪ್ರಶ್ನೆಗೆ ತೋಟಾ ಉತ್ತರ ಆಗೋದಿಲ್ಲ.

ಹಾಗಾದರೆ ಜಿಂಕೆಗೆ ಯಾವ ಗುಂಡು? ಬೇಟೆ ಕಾನೂನಿನ ಪ್ರಕಾರ ನಡೆಯುವ ದೇಶದಲ್ಲಿ ಇರೋರಿಗೆ, ಅಲ್ಲಿ ನೆಲೆಸಿರೋ ನಮ್ಮವರಿಗೂ ಸೇರಿಸಿ, ನಾನು ಈ ಓದಿನಿಂದ ತೆಗೆದ ಉತ್ತರ: ನಿಮ್ಮ ಅತಿ ಕೆಟ್ಟ ಹೊಡೆತದಿಂದ ಲೆಕ್ಕ ಶುರು ಮಾಡಿ. ಆ ಹೊಡೆತಕ್ಕೂ ಒಳಗೆ ತಲುಪೋ ಗುಂಡು ಬೇಕು, ಜಿಂಕೆಗೆಂದೇ ಮಾಡಿದ್ದಾಗಿರಬೇಕು. ಹತ್ತಿರ ಹೋಗೋ ತಾಳ್ಮೆ ಬೇಕು, ತಾಗಿದ ಮೇಲೆ ಕತ್ತಲಾದರೂ ರಕ್ತದ ಜಾಡು ಹಿಡಿದು ನಡೆಯೋ ಸಮಯ ಬೇಕು. ಇಷ್ಟಿಲ್ಲದವರಿಗೆ ಯಾವ ಅಳತೆಯೂ ದೊಡ್ಡದಲ್ಲ. ರಾಣೆಬೆನ್ನೂರಿನಲ್ಲಿ ನಿಂತವರಿಗೆ ಉತ್ತರ ಇನ್ನೂ ಚಿಕ್ಕದು, ಆಗಲೇ ಹೇಳಿಯಾಗಿದೆ.

ಓದುಗರಿಗೆ ಮಾತ್ರ ಒಂದು ಕೆಲಸ ಉಳಿಯುತ್ತೆ. ಮುಂದಿನ ಸಲ 'ಕಾಡಿನ ಕತೆಗಳು' ಕೈಗೆ ಬಂದಾಗ ಹುಲಿಯನ್ನೂ ಆಂಡರ್ಸನ್‌ನನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮೊದಲ ಗುಂಡು ಹಾರಿಸಿದವನನ್ನ ಹುಡುಕಿ. ಅವನಿಗೆ ಬಹುಪಾಲು ಹೆಸರೇ ಇರೋದಿಲ್ಲ, ಒಂದು ಅರ್ಧ ವಾಕ್ಯದಲ್ಲಿ ಬಂದು ಹೋಗಿರ್ತಾನೆ. ಅವನು ಹೊಡೆದದ್ದು ಹುಲಿಗೆ ಆದ್ದರಿಂದ ಆ ಅರ್ಧ ವಾಕ್ಯವಾದರೂ ಸಿಕ್ಕಿತು. ಚಿಗರಿಗೆ ಹೊಡೆದವನ ಬಗ್ಗೆ ಅದೂ ಇಲ್ಲ.